ಕೊಪ್ಪದ ಮನೆಯಲ್ಲಿ ನಾಲ್ಕನೇ ಎಲೆ

ಎಲೆ ಮೂರಿರಬೇಕಿತ್ತು, ನಾಲ್ಕಿದ್ದವು.

ಶಿವನಂಜಮ್ಮ ಹೊಸ್ತಿಲಿನಾಚೆಯಿಂದಲೇ ಕತ್ತು ಉದ್ದ ಮಾಡಿ ಮತ್ತೆ ನೋಡಿದಳು. ಪಿತೃಪಕ್ಷದ ಹಬ್ಬದ ದಿನ ಬೇರೆಯವರ ಮನೆಯ ಎಡೆ ಕೋಣೆಗೆ ಕಾಲಿಡುವುದುಂಟೇ? ಪೊಲೀಸ್ ಇಲಾಖೆಯಲ್ಲಿ ಎಎಸ್‌ಐ ಆಗಿ ನಿವೃತ್ತಳಾಗುವ ಹೊತ್ತಿಗೆ ಎಷ್ಟೋ ಮನೆಯ ಬಾಗಿಲು ಒದ್ದು ಒಳಗೆ ನುಗ್ಗಿದ್ದವಳು, ಈ ಬಾಗಿಲ ಮುಂದೆ ಮಾತ್ರ ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತಿದ್ದಳು.

ಒಳಗೆ ಮಬ್ಬುಗತ್ತಲೆ. ಗೋಡೆಯ ಬುಡದಲ್ಲಿ ಕಳಶ, ಅದರ ಮುಂದೆ ಸಾಲಾಗಿ ಬಾಳೆಎಲೆ. ಮೊದಲನೆಯದರ ಪಕ್ಕ ಜರಿಪಂಚೆ, ಒಂದು ಕ್ವಾರ್ಟರ್ ಬಾಟಲಿ. ಅದು ಈ ಮನೆಯ ಯಜಮಾನ ಜವರಯ್ಯನ ಅಪ್ಪನಿಗೆ. ಎರಡನೆಯದರ ಪಕ್ಕ ಕೆಂಪಂಚಿನ ಸೀರೆ, ಹೊಗೆಸೊಪ್ಪು. ಅದು ಅವನ ಅವ್ವನಿಗೆ. ಮೂರನೆಯದರ ಪಕ್ಕ ಗೇಣುದ್ದದ ಲಂಗ. ಆಡುವ ವಯಸ್ಸಿನಲ್ಲೇ ತೀರಿಕೊಂಡ ಅವನ ತಂಗಿಗೆ. ಮುದ್ದೆ, ಮಟನ್ ಸಾರು, ವಡೆ, ಕಜ್ಜಾಯ, ಬದನೆಕಾಯಿ ಗೊಜ್ಜು, ಒಂದಕ್ಕೂ ಲೋಪವಿಲ್ಲ. ಬಡಿಸಿ ಮಿಕ್ಕ ಪಾತ್ರೆಗಳನ್ನು ಮೂಲೆಯಲ್ಲಿ ಮುಚ್ಚಿಟ್ಟಿದ್ದರು.

ನಾಲ್ಕನೆಯದು ಸಾಲು ಬಿಟ್ಟು ಅಕ್ಕಿಮೂಟೆಯ ಮರೆಗಿತ್ತು. ಬಾಗಿಲಲ್ಲಿ ಸುಮ್ಮನೆ ಇಣುಕಿದವರಿಗೆ ಕಾಣುವ ಜಾಗವಲ್ಲ. ಅದರ ಪಕ್ಕ ಒಂದು ಹೊಸ ಅಂಗಿ, ತಿಳಿನೀಲಿ, ಕಾಲರಿನ ಗುಂಡುಸೂಜಿ ಇನ್ನೂ ತೆಗೆದಿಲ್ಲ. ಆ ಎಲೆಯಲ್ಲೂ ಎಲ್ಲವನ್ನೂ ಬಡಿಸಿದ್ದರು, ಬದನೆಕಾಯಿ ಗೊಜ್ಜನ್ನು ಬಿಟ್ಟು.

ಶಿವನಂಜಮ್ಮ ಎಲೆಗಳನ್ನು ಇನ್ನೊಮ್ಮೆ ಎಣಿಸಿದಳು.

ಈ ಮನೆಯ ಕಿರಿಮಗ ಪುನೀತ್ ತಮಿಳುನಾಡಿನ ತರಂಗಂಬಾಡಿಯ ಸಮುದ್ರದ ದಡದಲ್ಲಿ ಕಾಣೆಯಾಗಿ ತಿಂಗಳ ಮೇಲಾಗಿತ್ತು. ಅವನಿಗೆ ಏನೋ ಮಾಡಿದನೆಂದು ಟೆಂಪೋ ಓಡಿಸಿಕೊಂಡು ಹೋಗಿದ್ದ ಒವೈಸ್‌ನನ್ನು ಅಲ್ಲಿನ ಪೊಲೀಸರು ಅಂದೇ ಹಿಡಿದು ಒಳಗೆ ಹಾಕಿದ್ದರು. ಅವನ ಅಪ್ಪ ಬಂದು ಕೇಳಿಕೊಂಡ ಮೇಲೆ ಆ ಹುಡುಗನನ್ನು ಬಿಡಿಸುವುದೇ ಈಗ ಶಿವನಂಜಮ್ಮನ ಕೆಲಸ. ಪುನೀತನ ಗುರುತು ಹೇಳು ಎಂದು ಮೊದಲ ದಿನ ಕೇಳಿದಾಗ ಅವನ ತಾಯಿ ಸಣ್ಣತಾಯಮ್ಮ ಮಚ್ಚೆ, ಎತ್ತರ, ಬಣ್ಣ ಎಲ್ಲ ಬಿಟ್ಟು, ನನ್ನ ಮಗ ಬದನೆಕಾಯಿ ತಿಂದರೆ ತುಟಿ ಊದಿಕೊಳ್ಳುತ್ತದೆ ಎಂದಿದ್ದಳು. ಇದನ್ನು ಕಟ್ಟಿಕೊಂಡು ಏನು ಮಾಡುವುದು ಎಂದು ಶಿವನಂಜಮ್ಮ ಆಗ ಒಳಗೊಳಗೇ ನಕ್ಕಿದ್ದಳು. ಈಗ ನಗು ಬರಲಿಲ್ಲ.

"ಏನ್ ಮೇಡಮ್ಮಾರೆ, ಒಳೀಕೆ ಅಂಗ್ ನೋಡ್ತಿದ್ದೀರಿ?"

ಹಿರಿಮಗ ಚಲುವರಾಜು ಹಿತ್ತಲಿನಿಂದ ಸ್ನಾನ ಮಾಡಿ ಬಂದಿದ್ದ. ಅಗಲ ಭುಜ, ದಪ್ಪ ಕತ್ತು, ಒದ್ದೆ ಟವಲ್ಲು. ಗದ್ದೆ, ಕಬ್ಬು, ಹಸು ಎಲ್ಲ ಅವನದೇ ಉಸ್ತುವಾರಿ. ಶಿವನಂಜಮ್ಮ ಈ ಮನೆಗೆ ಬರುವುದು ಅವನಿಗೆ ಮೊದಲಿನಿಂದಲೂ ಸರಿಬಂದಿರಲಿಲ್ಲ.

"ನಿಮ್ಮನೇಲಿ ಯಾರ್ಯಾರ್ಗೆ ಇಕ್ತೀರಪ್ಪ ಎಡೆ?"

"ತಾತುಂಗೆ, ಅಜ್ಜೀಗೆ, ಚಿಕ್ಕುಡ್ಗೀಲೇ ಓದ ನಮ್ಮತ್ತೆ ಒಬ್ಳಿಗೆ. ಇನ್ಯಾರವ್ರೆ ನಮ್ಮನೇಲಿ?"

"ಮತ್ತೆ ಆ ಅಂಗಿ?"

ಚಲುವರಾಜು ಕತ್ತು ಬಗ್ಗಿಸಿ ಮೂಟೆಯ ಮರೆಗೆ ನೋಡಿದ. ನೋಡುವುದಕ್ಕೆ ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನೋಡಿದ.

"ಅದಾ? ನಂದೇಯ. ಅಬ್ಬುಕ್ಕೆ ಅಂತ ತಗಂಡಿದ್ದು. ಎಡೆ ಮುಂದ್ಕೆ ಮಡಗಿ ಆಮೇಲೆ ನಾವೇ ಇಕ್ಕತೀವಿ. ಯಾಕೆ, ನಿಮ್ಮಟ್ಟೀಲಿ ಮಾಡಲ್ವಾ?"

"ಮಾಡ್ತೀವಪ್ಪ."

ಮಾಡುವುದೇನೋ ಹೌದು. ಆದರೆ ಆ ಅಂಗಿ ಚಲುವರಾಜುವಿನ ತೋಳಿಗೂ ಹತ್ತುವಂತಿರಲಿಲ್ಲ. ಸುಳ್ಳು ಹೇಳುವವನಿಗೆ ತನ್ನ ಮೈಯ ಅಳತೆಯಾದರೂ ನೆನಪಿರಬೇಕು. ಶಿವನಂಜಮ್ಮ ಅದನ್ನು ಹೇಳದೆ ಇನ್ನೊಂದು ಕಲ್ಲು ಎಸೆದು ನೋಡಿದಳು.

"ಪುನೀತಂಗೇನಾದ್ರೂ ಇಕ್ಕಿದ್ರೇನೋ ಅನ್ಕಂಡೆ."

ಅವನ ಮುಖ ಕೆಂಪಗಾಯಿತು. "ಬದ್ಕಿರೋನ್ಗೆ ಯಾರಾದ್ರೂ ಎಡೆ ಇಕ್ತಾರಾ? ವಯಸ್ಸಾದೋರು ನೀವು, ಬಾಯಿಗ್ ಬಂದಂಗೆ ಮಾತಾಡ್ಬ್ಯಾಡಿ. ನಮ್ಮವ್ವ ಕೇಳುಸ್ಕಂಡ್ರೆ ಎದೆ ಒಡ್ಕತಾಳೆ." ಹಾಗೆಂದವನು ಹಗ್ಗದ ಮೇಲಿದ್ದ ತನ್ನ ಹಳೇ ಅಂಗಿ ತೊಟ್ಟುಕೊಂಡು, ದಾಯಾದಿಗಳನ್ನು ಧೂಪ ಹಾಕಲು ಕರೆದು ಬರುತ್ತೇನೆಂದು ಬೀದಿಗಿಳಿದ.

ಅವನು ಹೇಳಿದ್ದರಲ್ಲಿ ಅಷ್ಟು ಮಾತ್ರ ನಿಜ. ಬದುಕಿರುವವನ ಹೆಸರಿನಲ್ಲಿ ಎಡೆ ಇಟ್ಟರೆ ಅವನ ಆಯಸ್ಸನ್ನು ಕೈಯಾರೆ ಕಿತ್ತುಕೊಂಡಂತೆ ಎಂದು ಈ ಕಡೆಯ ಜನ ನಂಬುತ್ತಾರೆ. ಸತ್ತವನಿಗೆ ಇಡದೆ ಹೋದರೆ ಅವನು ಹಸಿದುಕೊಂಡು ಮನೆಯ ಸುತ್ತ ಅಲೆಯುತ್ತಾನೆ, ಶಾಪ ಹಾಕುತ್ತಾನೆ. ಹಾಗಿದ್ದ ಮೇಲೆ ಈ ನಾಲ್ಕನೇ ಎಲೆ ಇಟ್ಟವರಿಗೆ ಪುನೀತ್ ಸತ್ತಿರುವುದು ಖಾತ್ರಿಯಾಗಿ ಗೊತ್ತಿದೆ. ಬರೇ ಅನುಮಾನಕ್ಕೆ ಯಾರೂ ಎಲೆ ಹಾಕುವುದಿಲ್ಲ.

ಇಷ್ಟು ದಿನ ಶಿವನಂಜಮ್ಮ ಹುಡುಕುತ್ತಿದ್ದದ್ದು ಬದುಕಿರುವ ಪುನೀತನನ್ನು.

ಪಡಸಾಲೆಯ ಮಂಚದ ಮೇಲೆ ಜವರಯ್ಯ ಕಂಬಳಿ ಹೊದ್ದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಪಾಪ, ಅರವತ್ತರ ಶಾಂತಿ ಮಾಡಿಸಿಕೊಂಡು ಬಂದ ಮನುಷ್ಯ. ಮಗನ ಕೊರಗಿನಲ್ಲಿ ಹಾಸಿಗೆ ಹಿಡಿದವನು ಎದ್ದಿರಲಿಲ್ಲ. ಅವನ ಕಾಲ ಬಳಿ ಔಷಧಿ ಬಾಟಲಿ, ಮುಟ್ಟದ ಕಾಫಿ ಲೋಟ. ಶಿವನಂಜಮ್ಮ ಅವನನ್ನು ಎಬ್ಬಿಸುವುದು ಬೇಡವೆಂದು ಹೆಜ್ಜೆ ಸದ್ದಾಗದಂತೆ ದಾಟಿಕೊಂಡು ಹಿತ್ತಲಿಗೆ ಹೋದಳು.

ಹಿತ್ತಲಲ್ಲಿ ಪುನೀತನ ಹೆಂಡತಿ ದೀಪಿಕ ಒಬ್ಬಳೇ ತೆಂಗಿನ ಬುಡದಲ್ಲಿ ಚಾಪೆ ಹಾಸಿಕೊಂಡು ಕೂತಿದ್ದಳು. ಕಿರುಗಾವಲಿನ ಹುಡುಗಿ, ಬಿ.ಕಾಂ. ಓದಿದವಳು. ಹಣೆಯಲ್ಲಿ ಕುಂಕುಮ, ತಲೆಯಲ್ಲಿ ಒಂದು ತುಂಡು ಕನಕಾಂಬರ.

"ಯಾಕವ್ವ ಇಲ್ಲಿ ಕೂತಿದ್ದೀಯ?"

"ನಾನು ಹೊರಗಿದ್ದೀನಿ ಅಮ್ಮ. ನಿನ್ನೆಯಿಂದ. ಒಳಗೆ ಏನೂ ಮುಟ್ಟಂಗಿಲ್ಲ, ಎಡೆ ಕೋಣೆ ಕಡೆ ತಿರುಗೂ ನೋಡಂಗಿಲ್ಲ."

ಹಾಗಾದರೆ ಇವಳಲ್ಲ. ಶಿವನಂಜಮ್ಮನಿಗೆ ಒಂದು ನಿಟ್ಟುಸಿರು ಬಂತು. ಈ ಹುಡುಗಿಯ ಮೇಲೆ ಅವಳಿಗೆ ಮೊದಲಿನಿಂದ ಅಕ್ಕರೆ. ಮನೆಯವರೆಲ್ಲ ಒವೈಸ್‌ನ ಹೆಸರು ಕೇಳಿದರೆ ಉರಿದುಬೀಳುವಾಗ ಇವಳೊಬ್ಬಳೇ ಅವನ ಪರ ಒಂದು ಮಾತಾಡಿದ್ದಳು.

"ವಕೀಲ್ರು ಬರೆದುಕೊಟ್ಟಿದ್ದಾರೆ. ಒವೈಸೂ ನಿನ್ನ ಗಂಡನೂ ಸ್ನೇಹಿತರು, ಅವರ ಮಧ್ಯೆ ದ್ವೇಷ ಇರಲಿಲ್ಲ ಅಂತ. ಸಹಿ ಹಾಕ್ತೀಯಾ? ನಾಳಿದ್ದು ಜಾಮೀನು ಅರ್ಜಿ ಬತ್ತದೆ. ನಿಮ್ಮ ಭಾವ ಬೇಡ ಅಂತಾನೆ."

"ಭಾವ ಏನಾದ್ರೂ ಅಂದ್ಕೊಳ್ಳಲಿ." ದೀಪಿಕ ಪೆನ್ನು ಇಸಿದುಕೊಂಡು, ಓದದೆಯೇ, ತೋರಿಸಿದ ಕಡೆಯೆಲ್ಲ ಸಹಿ ಮಾಡಿದಳು. "ಒವೈಸಣ್ಣ ಅಂಥವರಲ್ಲ. ಇದನ್ನ ಕೊಟ್ರೆ ಬಿಟ್ಬಿಡ್ತಾರಲ್ವಾ? ದಿನಾ ಅವರ ಅಮ್ಮನ ಮುಖ ಕಣ್ಮುಂದೆ ಬರುತ್ತೆ ನನಗೆ."

"ಬಿಡ್ತಾರೆ ಅನ್ಕೊಂಡಿದ್ದೀನಿ."

"ಮತ್ತೆ ಹುಡುಕೋದು ನಿಲ್ಲಿಸ್ತೀರಾ?"

"ಅದ್ಯಾಕೆ ನಿಲ್ಲಿಸ್ಲಿ?"

ದೀಪಿಕ ಚಾಪೆಯ ಕಡ್ಡಿಯೊಂದನ್ನು ಕಿತ್ತು ಕಿತ್ತು ಚೂರು ಮಾಡುತ್ತ ಕೂತಳು. ಗಂಡ ಕಾಣೆಯಾದವಳ ಸಂಕಟ ಯಾರಿಗೆ ತಿಳಿಯುತ್ತದೆ ಎಂದುಕೊಂಡು ಶಿವನಂಜಮ್ಮ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಬೀದಿಯಲ್ಲಿ ಹುಣಸೆಮರದ ಕೆಳಗೆ ನಜೀರ್ ಅಹ್ಮದ್ ತನ್ನ ಹಳೇ ಓಮ್ನಿಯ ಬಾನೆಟ್ಟಿಗೆ ಒರಗಿ ನಿಂತಿದ್ದ. ಮದ್ದೂರಿನಲ್ಲಿ ಗ್ಯಾರೇಜು ಇಟ್ಟುಕೊಂಡ ಒವೈಸ್‌ನ ಅಪ್ಪ. ಕೊಪ್ಪದ ಅರ್ಧ ಊರಿನ ಟ್ರ್ಯಾಕ್ಟರು ಅವನ ಕೈಯಲ್ಲೇ ರಿಪೇರಿಯಾದದ್ದು, ಆದರೆ ಈಗ ಈ ಮನೆಯ ಜಗಲಿ ಹತ್ತಲು ಅವನಿಗೆ ಮುಖವಿಲ್ಲ.

"ಸಹಿ ಆಯ್ತಾ ಅಕ್ಕ?"

"ಆಯ್ತು."

ಅವನ ಕಣ್ಣಲ್ಲಿ ನೀರು ತುಂಬಿಕೊಂಡಿತು. "ಅಲ್ಲಾ ಆ ಮಗೂನ ಚೆನ್ನಾಗಿಟ್ಟಿರ್ಲಿ. ಒವೈಸ್ ಅಮ್ಮಂಗೆ ಫೋನ್ ಮಾಡಿ ಹೇಳ್ಲಾ? ಬೆಳಿಗ್ಗೆಯಿಂದ ನಮಾಜಿನ ಚಾಪೆ ಬಿಟ್ಟು ಎದ್ದಿಲ್ಲ ಅವಳು."

"ತಡಿ ನಜೀರಣ್ಣ. ಇನ್ನೊಂದು ಅದೆ."

ಹೇಳಬೇಕೋ ಬೇಡವೋ ಎಂದು ಶಿವನಂಜಮ್ಮ ಒಂದು ಗಳಿಗೆ ತಡೆದಳು. ಮುಚ್ಚಿಡುವುದು ಅವಳ ಜಾಯಮಾನವಲ್ಲ. ನಾಲ್ಕನೇ ಎಲೆಯ ವಿಷಯ ಹೇಳಿಬಿಟ್ಟಳು. ನಜೀರ್ ಬಾನೆಟ್ಟಿನಿಂದ ಬೆನ್ನು ತೆಗೆದು ನೆಟ್ಟಗೆ ನಿಂತ.

"ಅಂದ್ರೆ ಪುನೀತ್ ಇಲ್ವಾ?"

"ಇಲ್ಲ ಅಂತ ಆ ಮನೇಲಿ ಯಾರ್ಗೋ ಗೊತ್ತು."

"ಈಗ ಬರೀ ಕಿಡ್ನ್ಯಾಪ್ ಕೇಸು. ಸತ್ತವ್ನೆ ಅಂತ ಆದ್ರೆ?"

"ಕೊಲೆ ಕೇಸು ಆಯ್ತದೆ. ಜಾಮೀನು ಮರ್ತುಬುಡು."

"ಹಂಗಿದ್ರೆ ಅಕ್ಕ..." ನಜೀರ್ ಬೀದಿಯ ಆ ಕಡೆ ಈ ಕಡೆ ನೋಡಿ ಧ್ವನಿ ತಗ್ಗಿಸಿದ. "ನೀವು ನೋಡೇ ಇಲ್ಲ ಅನ್ಕೊಂಡುಬಿಡಿ. ಆ ಎಲೆ ನಾಳೆ ತಿಪ್ಪೆಗೆ ಹೋಗ್ತದೆ. ನನ್ನ ಮಗ ಮನೇಗ್ ಬರ್ಲಿ. ನಾನು ಕೆಟ್ಟೋನಲ್ಲಕ್ಕ, ಪುನೀತ ನನ್ನ ಕಣ್ಮುಂದೆ ಬೆಳೆದ ಹುಡುಗ. ಆದ್ರೂ ಕೇಳ್ತಾ ಇದ್ದೀನಿ."

ಶಿವನಂಜಮ್ಮನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ತಾನು ತಾಯಿಯಾಗಿದ್ದರೂ ಇದನ್ನೇ ಕೇಳುತ್ತಿದ್ದಳು.

"ಅಲ್ಲಿ ಮನೆಯೋರ್ಗೆ ಗೊತ್ತಿದ್ದು ಇವತ್ತಿನ್ಗಂಟ ಬಾಯ್ಬುಡದೆ ನಿನ್ನ ಮಗನ್ನ ಜೈಲಲ್ಲಿ ಕೊಳೆಸ್ತಾ ಇದ್ದಾರೆ ಅಂದ್ರೆ, ಅವರಿಗೆ ಇನ್ನೂ ಏನೋ ಗೊತ್ತಿರಬೇಕು ನಜೀರಣ್ಣ. ಅದು ಆಚೆಗೆ ಬಂದ್ರೆ ಒವೈಸು ಜಾಮೀನಲ್ಲ, ಪೂರ್ತಿ ಬಿಡುಗಡೆ ಆಗಿ ಬತ್ತಾನೆ."

"ಬರ್ದೇ ಹೋದ್ರೆ?"

ಶಿವನಂಜಮ್ಮ ಓಮ್ನಿಯ ನೆರಳಲ್ಲಿ ನಿಂತು, ತರಂಗಂಬಾಡಿಯ ಕಥೆಯನ್ನು ಮೊದಲಿನಿಂದ ಇನ್ನೊಂದು ಸಲ ಮನಸ್ಸಿನಲ್ಲಿ ತಿರುವಿಹಾಕಿದಳು.

ಅರವತ್ತರ ಶಾಂತಿಗೆ ಹೆಸರಾದ ತಿರುಕ್ಕಡೈಯೂರಿನ ದೇವಸ್ಥಾನದಲ್ಲಿ ಜವರಯ್ಯ ಸಣ್ಣತಾಯಮ್ಮರ ಶಾಂತಿ ಚೆನ್ನಾಗೇ ನಡೆದಿತ್ತು. ಕಳಶದ ನೀರು ಹೊಯ್ಸಿಕೊಂಡು, ಮತ್ತೊಮ್ಮೆ ತಾಳಿ ಕಟ್ಟಿಸಿಕೊಂಡು, ಸಣ್ಣತಾಯಮ್ಮ ಹೊಸ ಮದುವಣಗಿತ್ತಿಯಂತೆ ನಾಚಿದ್ದಳಂತೆ. ಇಷ್ಟು ದೂರ ಬಂದು ಸಮುದ್ರ ನೋಡದೆ ಹೋಗುವುದೇ ಎಂದು ಹಟ ಹಿಡಿದವನು ಪುನೀತ್. ಪಕ್ಕದಲ್ಲೇ ತರಂಗಂಬಾಡಿ. ಡೆನ್ಮಾರ್ಕಿನವರು ಗೋಡೆ ಕಟ್ಟಿಕೊಂಡು ಕೂತಿದ್ದ ಹಳೇ ಊರು.

ಹೋದ ವಾರ ಶಿವನಂಜಮ್ಮ ಅಲ್ಲಿಗೇ ಹೋಗಿ ನೋಡಿಕೊಂಡು ಬಂದಿದ್ದಳು. ಊರಿಗೆ ನುಗ್ಗುವಲ್ಲಿ ಸುಣ್ಣ ಬಳಿದ ದೊಡ್ಡ ಬಾಗಿಲು, ಒಳಗೆ ನೇರವಾದ ಒಂದು ಬೀದಿ, ಎರಡೂ ಕಡೆ ಕಂಬದ ಜಗಲಿಯ ಮನೆಗಳು, ಇಗರ್ಜಿ, ಬೀದಿಯ ಕೊನೆಗೆ ಕೋಟೆ, ಕೋಟೆಯ ಬೆನ್ನಿಗೆ ಸಮುದ್ರ. ನೀರು ಊರನ್ನು ತಿನ್ನದಿರಲೆಂದು ಕಲ್ಲುಗಳನ್ನು ರಾಶಿ ಹಾಕಿದ್ದರು. ಅಲೆ ಬಂದು ಆ ಕಲ್ಲಿಗೆ ಬಡಿಯುವ ಸದ್ದಿಗೆ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ಕಾವೇರಿ ನಾಲೆ ನೋಡಿ ಬೆಳೆದವಳಿಗೆ ಆ ನೀರು ಅಪರಿಚಿತವಾಗಿ ಕಂಡಿತ್ತು.

ಊರ ಬಾಗಿಲ ಹತ್ತಿರವೇ ಒಂದು ಜಗಳವಾಗಿತ್ತು. ಟೆಂಪೋ ಮೇಲೆ ಲಗೇಜು ಕಟ್ಟಿದ್ದರಿಂದ ಕಮಾನಿಗೆ ತಾಗುತ್ತದೆ ಎಂದು ಒವೈಸ್ ಆಚೆಯೇ ನಿಲ್ಲಿಸಿದ. ನನ್ನ ಅಪ್ಪ ಅವ್ವ ನಡೆಯಬೇಕೇನೋ ಎಂದು ಪುನೀತ್ ಎಲ್ಲರ ಮುಂದೆ ಅವನ ಕೊರಳಪಟ್ಟಿ ಹಿಡಿದ. ಅದನ್ನು ಟೀ ಅಂಗಡಿಯವನು ನೋಡಿದ್ದ. ಆಮೇಲೆ ಇಬ್ಬರೂ ನಕ್ಕುಕೊಂಡು ಒಂದೇ ಸಿಗರೇಟು ಸೇದಿದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ, ನೋಡಿದ್ದವರು ಹೇಳಲಿಲ್ಲ.

ಸಂಜೆ ಕೋಟೆಯ ಮುಂದೆ ಎಲ್ಲರೂ ನಿಂತು ಫೋಟೊ ತೆಗೆಸಿಕೊಂಡರು. ಅದರಲ್ಲಿ ಸಣ್ಣತಾಯಮ್ಮ ಸೆರಗು ಹಾರದಂತೆ ಹಿಡಿದುಕೊಂಡಿದ್ದಾಳೆ, ಜವರಯ್ಯ ಸಮುದ್ರಕ್ಕೆ ಬೆನ್ನು ಹಾಕಿದ್ದಕ್ಕೆ ಹೆದರಿಕೊಂಡವನಂತೆ ಕಾಣುತ್ತಾನೆ, ಪುನೀತ್ ಒಬ್ಬನೇ ನಗುತ್ತಿದ್ದಾನೆ. ದೀಪಿಕ ಅವನಿಂದ ಒಂದು ಮಾರು ದೂರ ನಿಂತಿದ್ದಾಳೆ. ರಾತ್ರಿ ಅಲ್ಲೇ ತಂಗಿದರು. ಮರುದಿನ ಬೆಳಗ್ಗೆ ಸೂರ್ಯ ಹುಟ್ಟುವುದನ್ನು ನೋಡುತ್ತೇನೆಂದು ಪುನೀತ್ ಒವೈಸ್‌ನನ್ನು ಎಬ್ಬಿಸಿಕೊಂಡು ಕಲ್ಲುರಾಶಿಯ ಕಡೆ ಹೋದ. ಒವೈಸ್ ಟೀ ತರಲು ಬಂದು ಹಿಂತಿರುಗುವಷ್ಟರಲ್ಲಿ ಅವನಿರಲಿಲ್ಲ. ಫೋನು ಟೆಂಪೋದ ಸೀಟಿನ ಸಂದಿಯಲ್ಲಿ ಸಿಕ್ಕಿತು. ಪೊಲೀಸರಿಗೆ ಅಷ್ಟು ಸಾಕಾಗಿತ್ತು.

ಯಾರೂ ಹೆಣ ನೋಡಿಲ್ಲ. ಸಮುದ್ರ ಸಾಮಾನ್ಯವಾಗಿ ತಾನು ಎಳೆದುಕೊಂಡದ್ದನ್ನು ದಡಕ್ಕೆ ತಂದು ಹಾಕುತ್ತದೆ ಎಂದು ಅಲ್ಲಿನ ಮೀನುಗಾರರು ಹೇಳಿದ್ದರು. ಅದಕ್ಕೇ ಅವಳು ಪುನೀತ್ ಎಲ್ಲೋ ತಲೆಮರೆಸಿಕೊಂಡಿದ್ದಾನೆ ಎಂದು ಬಲವಾಗಿ ನಂಬಿದ್ದಳು. ಮನೆಯವರಲ್ಲಿ ಯಾರೋ ಒಬ್ಬರು ಆ ಬೆಳಗ್ಗೆ ಏನನ್ನೋ ಕಂಡು ಬಾಯಿ ಮುಚ್ಚಿಕೊಂಡಿದ್ದಾರೆ ಎಂದಾದರೆ, ಯಾರು?

ಎಡೆ ಬಡಿಸಿದವಳು ಸಣ್ಣತಾಯಮ್ಮ. ಬದನೆಕಾಯಿ ಬಡಿಸಬಾರದೆಂದು ಕೈ ಹಿಂದೆಗೆಯುವುದು ಹೆತ್ತವಳಿಗಲ್ಲದೆ ಇನ್ಯಾರಿಗೆ ಹೊಳೆಯುತ್ತದೆ? ಹಿರಿಮಗನನ್ನು ಉಳಿಸಿಕೊಳ್ಳಲು ಕಿರಿಮಗನ ಸಾವನ್ನು ನುಂಗಿಕೊಂಡ ತಾಯಂದಿರನ್ನು ಶಿವನಂಜಮ್ಮ ತನ್ನ ನೌಕರಿಯಲ್ಲಿ ಕಂಡಿದ್ದಳು.

"ಇಲ್ಲೇ ಇರು," ಎಂದು ನಜೀರ್‌ಗೆ ಹೇಳಿ ಮತ್ತೆ ಜಗಲಿ ಹತ್ತಿದಳು.

ಅಡುಗೆಮನೆಯಲ್ಲಿ ಸಣ್ಣತಾಯಮ್ಮ ದಾಯಾದಿಗಳಿಗೆ ಸಾಲದು ಎಂದು ಇನ್ನಷ್ಟು ವಡೆ ಬೇಯಿಸುತ್ತಿದ್ದಳು. ಸೌದೆ ಹೊಗೆಗೆ ಕಣ್ಣು ಕೆಂಪಗಾಗಿತ್ತು. ಶಿವನಂಜಮ್ಮ ಮಣೆ ಎಳೆದುಕೊಂಡು, ನೋಯುವ ಮಂಡಿಯನ್ನು ಉದ್ದಕ್ಕೆ ಚಾಚಿ ಕೂತಳು.

"ಉಂಡ್ಕಂಡೇ ಓಗ್ಬೇಕು ನಂಜವ್ವ. ಇನ್ನೇನು ಧೂಪ ಆಕುದ್ರೆ ಮುಗೀತು. ಆ ಸಾಬ್ರಣ್ಣನ್ನೂ ಕರೀ. ಅವನೇನ್ ಮಾಡಾನು, ಮಗ ಮಾಡಿದ್ದುಕ್ಕೆ."

"ಮಗ ಮಾಡವ್ನೆ ಅಂತೀಯಾ ನೀನೂ?"

"ನಂಗೇನ್ ಗೊತ್ತವ್ವ. ಎಲ್ರೂ ಅಂತಾರೆ. ನಂಗೆ ನನ್ ಮಗ ಬಂದ್ರೆ ಸಾಕು, ಯಾರ್ ಮ್ಯಾಲೂ ಕೇಸು ಬ್ಯಾಡ. ಬತ್ತಾನೆ ಅಂತ ನೀನೇ ಯೋಳಿದ್ಯಲ್ಲ."

ಎಷ್ಟು ಚೆನ್ನಾಗಿ ನಟಿಸುತ್ತಾಳೆ ಎಂದು ಶಿವನಂಜಮ್ಮನಿಗೆ ಒಂದು ಕ್ಷಣ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ಆಮೇಲೆ ಅವಳು ಬಹಳ ಕಾಲ ತನ್ನನ್ನು ತಾನೇ ಬೈದುಕೊಳ್ಳಬೇಕಾಯಿತು.

"ತಾಯವ್ವ, ಒಂದ್ ಮಾತು ಕೇಳ್ತೀನಿ, ಮುನಿಸ್ಕಬ್ಯಾಡ. ನಿಂಗೆ ಯಾರ್ ಹೇಳಿದ್ರು?"

"ಏನ?"

"ಪುನೀತ ಇಲ್ಲ ಅಂತ."

ವಡೆ ಎತ್ತುತ್ತಿದ್ದ ಕೈ ಎಣ್ಣೆಯ ಮೇಲೆ ಹಾಗೇ ನಿಂತಿತು. "ಏನಂದೆ?"

"ಮುಚ್ಚಿಡ್ಬ್ಯಾಡ ಕಣೆ. ನಾಕ್ನೇ ಎಲೆ ಇಕ್ಕಿದ್ದೀಯಲ್ಲ, ನೋಡ್ದೆ. ನೀನು ಬಾಯ್ಬಿಟ್ರೆ ಒಬ್ಳು ತಾಯಿ ಮಗ ಉಳ್ಕತಾನೆ."

"ನಾನಿಕ್ಕಿದ್ದು ಮೂರು," ಎಂದಳು ಸಣ್ಣತಾಯಮ್ಮ.

ಆ ಮುಖ ನೋಡಿದ ಕೂಡಲೇ ಶಿವನಂಜಮ್ಮನಿಗೆ ತಾನೆಂಥ ಕೆಲಸ ಮಾಡಿದೆ ಎಂದು ತಿಳಿಯಿತು. ಇವಳಿಗೆ ಏನೂ ಗೊತ್ತಿರಲಿಲ್ಲ. ಮಗ ಸತ್ತ ಸುದ್ದಿಯನ್ನು ಒಲೆಯ ಮುಂದೆ ಕೂತವಳಿಗೆ, ಅಪರಾಧಿಯನ್ನು ವಿಚಾರಿಸುವ ಹಾಗೆ, ತನ್ನ ಬಾಯಾರೆ ತಾನೇ ಹೇಳಿಬಿಟ್ಟಿದ್ದಳು. ನಾಲಿಗೆ ಕಚ್ಚಿಕೊಂಡರೂ ಆಡಿದ್ದು ಹಿಂದಕ್ಕೆ ಬರುವಂತಿರಲಿಲ್ಲ.

"ತಾಯವ್ವ, ತಡಿ..."

ಸಣ್ಣತಾಯಮ್ಮ ತಡೆಯಲಿಲ್ಲ. ಹಿಟ್ಟು ಮೆತ್ತಿದ ಕೈಯಲ್ಲೇ ಎದ್ದು, ಪಡಸಾಲೆ ದಾಟಿ ಎಡೆ ಕೋಣೆಗೆ ಹೋದಳು. ಶಿವನಂಜಮ್ಮ ಹೊಸ್ತಿಲಲ್ಲೇ ನಿಂತಳು. ಮೂಟೆಯ ಮರೆಯಲ್ಲಿ ಆ ಹೆಂಗಸು ಕುಕ್ಕರಗಾಲಲ್ಲಿ ಕೂತು ಎಲೆಯನ್ನು ಬಹಳ ಹೊತ್ತು ನೋಡಿದಳು. ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟಳು.

"ಇದು ನಾನ್ ತಗ್ದಿದ್ದು. ಶಾಂತಿ ದಿನ ಇಕ್ಕ ಅಂದೆ. ಬಣ್ಣ ಚೆನ್ನಾಗಿಲ್ಲ ಕಣವ್ವ, ಊರಿಗೋಗಿ ಇಕ್ಕತೀನಿ ಅಂದ." ಅವಳ ಧ್ವನಿಯಲ್ಲಿ ಅಳು ಇರಲಿಲ್ಲ. ಎಲೆಯ ಮೇಲೆ ಬೆರಳು ಆಡಿಸಿದಳು. "ಬದ್ನೇಕಾಯಿ ಬಿಟ್ಟವ್ರೆ."

"ತಾಯವ್ವ, ಎದ್ದು ಬಾ ಈಚೆಗೆ."

"ಗೊತ್ತಿರೋರೇ ಇಕ್ಕವ್ರೆ. ನಂಜವ್ವ, ನನ್ ಮಗ ತಿನ್ನಲ್ಲ ಅಂತ ಗೊತ್ತಿರೋರು." ಅವಳು ತಟ್ಟನೆ ಎದ್ದಳು. ಇಷ್ಟು ಹೊತ್ತು ಎಲ್ಲಿತ್ತೋ ಆ ಸಿಟ್ಟು. "ಬದ್ಕಿರೋ ಮಗುಂಗೆ ಎಡೆ ಇಕ್ಕಿದ್ ಕೈ ಯಾವ್ದು? ಯಾವ್ ಪಾಪಿ ಅವ್ನು? ನನ್ ಮಗ ಬತ್ತಾನೆ. ಈ ಎಲೇನ ನಾಯಿಗಾಕ್ತೀನಿ ನಾನು. ಇಕ್ಕಿದ್ದೋರು ಬಂದು ತಡೀಲಿ, ನೋಡ್ತೀನಿ."

ಬಗ್ಗಿ ಎಲೆಯ ಎರಡು ತುದಿ ಹಿಡಿದು ಎತ್ತಿದಳು. ಸಾರು ಸೋರಿ ನೆಲಕ್ಕೆ ಬಿತ್ತು. ಮುದ್ದೆ ಎಲೆಯ ಅಂಚಿಗೆ ಉರುಳಿತು.

"ಮಡುಗು."

ಶಿವನಂಜಮ್ಮ ಹಿಂದಕ್ಕೆ ತಿರುಗಿದಳು. ಜವರಯ್ಯ ಮಂಚ ಬಿಟ್ಟು ಎದ್ದಿದ್ದ. ಕಂಬಳಿ ನೆಲದಲ್ಲಿ ಬಿದ್ದಿತ್ತು. ಗೋಡೆ ಹಿಡಿದುಕೊಂಡು, ಒಂದೊಂದು ಹೆಜ್ಜೆಗೂ ಬೀಳುವವನಂತೆ ಬಂದು, ಅವಳನ್ನು ಸವರಿಕೊಂಡು ಒಳಗೆ ಹೋದ. ಹೆಂಡತಿಯ ಎರಡೂ ಮುಂಗೈ ಹಿಡಿದ.

"ಎಲೆ ಮಡುಗು ಕಣೆ. ಎತ್ಬ್ಯಾಡ. ಉಂಡ್ಕಂಡೋಗ್ಲಿ ಅವ್ನು."

ಸಣ್ಣತಾಯಮ್ಮ ಗಂಡನ ಮುಖ ನೋಡಿದಳು. ಅರವತ್ತರ ತಾಳಿ ಕಟ್ಟಿದ ಕೈ ಅವಳ ಕೈ ಮೇಲಿತ್ತು. ಎಲೆ ನಿಧಾನವಾಗಿ ನೆಲಕ್ಕೆ ಇಳಿಯಿತು.

"ನೀನಾ?" ಎಂದಳು.

ಜವರಯ್ಯ ತಲೆ ತಗ್ಗಿಸಿದ. ಶಿವನಂಜಮ್ಮ ಈ ಮನುಷ್ಯನ ಮಂಚವನ್ನು ಎಷ್ಟು ಸಲ ಸದ್ದಿಲ್ಲದೆ ದಾಟಿಹೋಗಿದ್ದಳೋ. ಕಾಯಿಲೆಯವನೆಂದು ಒಂದು ಪ್ರಶ್ನೆಯನ್ನೂ ನೆಟ್ಟಗೆ ಕೇಳಿರಲಿಲ್ಲ. ಈಗ ಕೇಳಿದಳು.

"ಜವರಯ್ಯ, ಸಮುದ್ರದ ಹತ್ರ ಆವತ್ತು ಏನ್ ನೋಡಿದ್ರಿ?"

"ಏನೂ ನೋಡ್ನಿಲ್ಲ. ಅಲ್ಲಿ ಏನೂ ಆಗ್ನಿಲ್ಲ." ಅವನಿಗೆ ಉಸಿರು ಸಾಲುತ್ತಿರಲಿಲ್ಲ. "ಅಲ್ಲಿಂದ ತಾನಾಗೇ ಓದೋನು ವಾಪಸ್ ಬಂದಿದ್ದ."

"ಎಲ್ಲಿಗೆ?"

"ಇಲ್ಲೀಗೆ. ಈ ಅಟ್ಟೀಗೆ. ಗೌರಿ ಅಬ್ಬದ ದಿನ. ಇವ್ಳು ಮಗ ಬರ್ಲಿ ಅಂತ ಅರಕೆ ಒತ್ತು ಗಂಗೆ ತರಕ್ಕೆ ನಾಲೆ ತಾವ್ಕೋಗಿದ್ಲು. ಇತ್ತಲ ಬಾಗ್ಲಿಂದ ಬಂದ."

ಶಿವನಂಜಮ್ಮ ಮನಸ್ಸಿನಲ್ಲೇ ದಿನ ಲೆಕ್ಕ ಹಾಕಿದಳು. ಗೌರಿ ಹಬ್ಬದ ಹೊತ್ತಿಗೆ ಒವೈಸ್ ಕಡಲ ದಡದ ಆ ಊರಲ್ಲಿ, ಬೀಗದ ಹಿಂದೆ ಇದ್ದ. ಈ ಒಂದು ಮಾತನ್ನು ಈ ಮನುಷ್ಯ ನ್ಯಾಯಾಧೀಶರ ಮುಂದೆ ಆಡಿದರೆ ಸಾಕು. ಹುಣಸೆಮರದ ಕೆಳಗೆ ನಿಂತವನಿಗೆ ಮಗ ಸಿಕ್ಕಿದಂತೆ. ಅವಳು ಚೀಲದಲ್ಲಿದ್ದ ಫೋನಿಗೆ ಕೈ ಹಾಕಿದಳು, ಮಾತು ತುಂಡಾಗುತ್ತದೆಂದು ಮತ್ತೆ ಬಿಟ್ಟಳು.

ಸಣ್ಣತಾಯಮ್ಮನಿಗೆ ಒವೈಸ್ ಕಾಣಲಿಲ್ಲ, ನ್ಯಾಯಾಲಯ ಕಾಣಲಿಲ್ಲ. ಅವಳು ಕೇಳಿದ್ದು ಒಂದೇ.

"ಉಂಡ್ನಾ?"

ಜವರಯ್ಯ ಎಲೆಯ ಅಂಚಿಗೆ ಉರುಳಿದ್ದ ಮುದ್ದೆಯನ್ನು ನಡುವಿಗೆ ಸರಿಸಿದ.

"ಬಂದಿದ್ನಲ್ಲ ನನ್ ಮಗ. ಉಣ್ಣಕ್ಕಿಕ್ಕಿದ್ರಾ?"

"ಅಸ್ಕಂಡಿದ್ದ," ಎಂದ ಜವರಯ್ಯ. ಗಂಡಸಿನ ಕಣ್ಣಿಂದ ನೀರು ಗದ್ದದವರೆಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ. "ಅಪ್ಪ, ಎಲ್ಡ್ ದಿನದಿಂದ ಏನೂ ತಿಂದಿಲ್ಲ, ಅನ್ನ ಇಕ್ಕು ಅಂದ. ತಟ್ಟೆ ಮುಂದ್ಕೆ ಕೂತ. ತುತ್ತು ಎತ್ತಿದ್ದ. ಉಣ್ಣಕ್ಕೆ ಬುಡ್ನಿಲ್ಲ."

"ಯಾರು ಬುಡ್ನಿಲ್ಲ?"

ಜವರಯ್ಯ ತಲೆಯೆತ್ತಿದ. ಹೆಂಡತಿಯನ್ನು ನೋಡಲಿಲ್ಲ, ಶಿವನಂಜಮ್ಮನನ್ನು ನೋಡಲಿಲ್ಲ. ಅವನ ಕಣ್ಣು ಅವರಿಬ್ಬರನ್ನೂ ದಾಟಿ ಪಡಸಾಲೆಯ ಆ ಕೊನೆಗೆ ಹೋಯಿತು.

ಹೊರಗಿರಬೇಕಾದವಳು ಹಿತ್ತಲ ಬಾಗಿಲು ದಾಟಿ ಮನೆಯ ನಡುವೆ ಬಂದು ನಿಂತಿದ್ದಳು. ಕಣ್ಣಲ್ಲಿ ಹನಿ ನೀರಿರಲಿಲ್ಲ. ಹುಡುಕೋದು ನಿಲ್ಲಿಸ್ತೀರಾ ಎಂದು ಇವಳು ಯಾಕೆ ಕೇಳಿದ್ದಳೆಂದು ಶಿವನಂಜಮ್ಮನಿಗೆ ಈಗ ಅರ್ಥವಾಯಿತು.

"ಸಾಕು ಮಾವ," ಎಂದಳು ದೀಪಿಕ, ಮೆತ್ತಗೆ. "ಇನ್ನೊಂದು ಮಾತು ಆಡಬೇಡಿ."

ಜವರಯ್ಯನ ತುಟಿ ಮುಚ್ಚಿಕೊಂಡಿತು.